ಎಳೆಯ ವಿಸ್ಕಿಗೆ ಆಸ್ಪತ್ರೆ ವಾಸನೆ ಯಾಕೆ?

ಪ್ರಶ್ನೆ: ನಾನು ಧಾರವಾಡದವನು. ಅಳಿಯ ಲಂಡನ್‌ನಿಂದ ಬರುವಾಗ ಕಿಲ್‌ಹೋಮನ್ ಮಾಖಿರ್ ಬೇ ಅನ್ನುವ ಸ್ಕಾಚ್ ತಂದುಕೊಟ್ಟ. ಸ್ಕಾಟ್ಲೆಂಡ್‌ನ ಐಲಾ ದ್ವೀಪದ್ದಂತೆ. ಬಾಟಲಿ ಮೇಲೆ ವಯಸ್ಸೇ ಹಾಕಿಲ್ಲ. ವಿಚಾರಿಸಿದರೆ ಎಳೆಯ ವಿಸ್ಕಿ ಅಂದರು. ಮೂಗಿಗೆ ಆಸ್ಪತ್ರೆ ವಾಸನೆ, ಗಂಟಲಲ್ಲಿ ಉರಿ. ಮಿರ್ಚಿ ಭಜಿ ಜೊತೆ ಗೆಳೆಯರೆಲ್ಲ ಕೂತು ಕುಡಿದೆವು, ಯಾರಿಗೂ ಹಿಡಿಸಲಿಲ್ಲ. ನಮ್ಮ ಬೆಂಗಳೂರಿನ ಅಮೃತ್ ಕೂಡ ಅಷ್ಟೇನೂ ಹಳೆಯದಲ್ಲ ಅಂತಾರೆ, ಅದು ಎಷ್ಟು ಮೆತ್ತಗಿರುತ್ತದೆ! ಇದು ಮಾಗದ ಸರಕಾ? ಸಮುದ್ರದ ಉಪ್ಪು ಪೀಪಾಯಿಯೊಳಗೆ ಹೋಗುತ್ತದೆ ಅನ್ನುವುದು ನಿಜವಾ? ಇದನ್ನು ಸವಿಯುವ ಸರಿಯಾದ ಕ್ರಮ ಯಾವುದು? ಮುಕ್ಕಾಲು ಬಾಟಲಿ ಉಳಿದಿದೆ, ನಾಲ್ಕೈದು ವರ್ಷ ಇಟ್ಟರೆ ಮಾಗುತ್ತದಾ?

ಉತ್ತರ: ಮೊದಲು ಆ ಭಜಿ ತಟ್ಟೆಯನ್ನು ಆಚೆ ಸರಿಸಿ. ನನಗೂ ಮಿರ್ಚಿ ಭಜಿ ಅಂದರೆ ಪ್ರಾಣ, ಆದರೆ ಈ ಬಾಟಲಿಗೂ ಅದಕ್ಕೂ ಜೋಡಿ ಕೂಡುವುದಿಲ್ಲ. ಬಾಯಲ್ಲಿ ಖಾರವನ್ನು ಗುರುತಿಸುವ ನರಗಳೇ ಮದ್ಯದ ಉರಿಯನ್ನೂ ಗುರುತಿಸುತ್ತವೆ. ಮೆಣಸಿನಕಾಯಿ ಅವುಗಳನ್ನು ಕೆರಳಿಸಿಟ್ಟ ಮೇಲೆ ಎಂಥ ವಿಸ್ಕಿ ಸುರಿದರೂ ಗಂಟಲು ಉರಿದೇ ಉರಿಯುತ್ತದೆ. ಸಾಲದ್ದಕ್ಕೆ ನೀವು ಕುಡಿದದ್ದು ಮದ್ಯಾಂಶ 46 ಪರ್ಸೆಂಟ್ ಇರುವುದು. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ವಿಸ್ಕಿ 42.8ರದ್ದು. ಕಾಗದದ ಮೇಲೆ ವ್ಯತ್ಯಾಸ ಸಣ್ಣದು, ಖಾರ ತಿಂದ ಬಾಯಿಗೆ ಸಣ್ಣದಲ್ಲ. ಇನ್ನು ಬಾಟಲಿಯನ್ನು ಬೇಸಿಗೆಯಲ್ಲಿ ತೆರೆದಿದ್ದರೆ ಕೇಳುವುದೇ ಬೇಡ. ಐಲಾದ ಜನ ತಣ್ಣನೆ ಕೋಣೆಯಲ್ಲಿ ಕೂತು ಕುಡಿಯುವ ವಸ್ತು ಅದು. ಧಾರವಾಡದ ಏಪ್ರಿಲ್‌ನಲ್ಲಿ ಬಾಟಲಿಯೇ 32 ಡಿಗ್ರಿ ಇರುತ್ತದೆ. ಗ್ಲಾಸಿಗೆ ಹಾಕಿದ ಕೂಡಲೇ ಮದ್ಯದ ಆವಿ ಮೂಗಿಗೆ ರಪ್ಪನೆ ಬಡಿಯುತ್ತದೆ. ಅದರ ಹಿಂದೆ ಇರುವ ಬೇರೆ ಯಾವ ವಾಸನೆಯೂ ಮೂಗಿಗೆ ತಲುಪುವುದಿಲ್ಲ.

ಉರಿಯ ವಿಷಯ ಇಷ್ಟು. ಆಸ್ಪತ್ರೆ ವಾಸನೆಯ ಕತೆ ಬೇರೆ, ಅದು ಆ ವಿಸ್ಕಿಯದೇ.

ಮಾಗದ ಸರಕು ಎಂಬ ಅನುಮಾನವನ್ನು ಮೊದಲು ಮುಗಿಸಿಬಿಡೋಣ. ಸ್ಕಾಚ್ ಅಂತ ಹೆಸರು ಹಾಕಬೇಕಾದರೆ ಕನಿಷ್ಠ 3 ವರ್ಷ ಸ್ಕಾಟ್ಲೆಂಡ್‌ನ ನೆಲದಲ್ಲೇ, 700 ಲೀಟರಿಗಿಂತ ದೊಡ್ಡದಲ್ಲದ ಓಕ್ ಪೀಪಾಯಿಯಲ್ಲಿ ಇರಬೇಕು. ಬಾಟಲಿಗೆ ಹಾಕುವಾಗ 40 ಪರ್ಸೆಂಟಿಗಿಂತ ಕಡಿಮೆ ಇರುವ ಹಾಗಿಲ್ಲ. ಇದು ಅಲ್ಲಿನ ಕಾನೂನು. ವಯಸ್ಸು ಬರೆಯಲೇಬೇಕು ಅಂತ ಕಾನೂನಿಲ್ಲ. ಬರೆದರೆ ಮಾತ್ರ ಅದರೊಳಗಿನ ಅತಿ ಎಳೆಯ ಹನಿಯ ವಯಸ್ಸನ್ನೇ ಬರೆಯಬೇಕು. ಹತ್ತು ವರ್ಷದ ವಿಸ್ಕಿಗೆ ನಾಲ್ಕು ವರ್ಷದ್ದು ಒಂದು ಚಮಚ ಸೇರಿಸಿದರೂ ಲೇಬಲ್ ಮೇಲೆ 4 ಅಂತಲೇ ಹಾಕಬೇಕು. ಹಾಗಾಗಿ ಹೊಸ ಡಿಸ್ಟಿಲರಿಗಳು ಆ ಸಂಖ್ಯೆಯನ್ನೇ ಬಿಟ್ಟುಬಿಡುತ್ತವೆ. ಇದರಲ್ಲಿ ಮೋಸ ಏನೂ ಇಲ್ಲ. ಮುಚ್ಚುಮರೆ ಸ್ವಲ್ಪ ಇದೆ ಅಂತ ಬೇಕಾದರೆ ಹೇಳಬಹುದು. ಗ್ರಾಹಕನಿಗೆ ವಯಸ್ಸು ಹೇಳಿದರೆ ಒಳ್ಳೆಯದು ಅನ್ನುವ ಪಕ್ಷ ನನ್ನದು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಅಮೃತ್ ಎಳೆಯದಾದರೂ ಮೆತ್ತಗೆ, ಇದು ಎಳೆಯದು ಅಂದರೆ ಇಷ್ಟು ಒರಟು, ಯಾಕೆ?

ಹವೆಯ ಕಾರಣ. ಐಲಾ ಸ್ಕಾಟ್ಲೆಂಡ್‌ನ ಪಶ್ಚಿಮ ಕರಾವಳಿಯ ದ್ವೀಪ. ಚಳಿಗಾಲದ ಹಗಲು 7–8 ಡಿಗ್ರಿ, ಬೇಸಿಗೆಯ ಹಗಲು 16–17 ಡಿಗ್ರಿ. ಅಟ್ಲಾಂಟಿಕ್ ಸಾಗರದ ಬೆಚ್ಚನೆ ಪ್ರವಾಹ ಪಕ್ಕದಲ್ಲೇ ಹಾಯುವುದರಿಂದ ಹಿಮ ಕಟ್ಟುವಷ್ಟು ಚಳಿ ಅಪರೂಪ, ಬೆವರು ಬರುವಷ್ಟು ಸೆಕೆ ಇನ್ನೂ ಅಪರೂಪ. ವರ್ಷವಿಡೀ ತಣ್ಣಗೆ, ತೇವವಾಗಿ, ಗಾಳಿ ಬೀಸುತ್ತಲೇ ಇರುತ್ತದೆ. ಅಲ್ಲಿನ ಗೋದಾಮಿನೊಳಗೆ ಪೀಪಾಯಿಗಳು ಸೋಮಾರಿಗಳ ಹಾಗೆ ಮಲಗಿರುತ್ತವೆ. ವರ್ಷಕ್ಕೆ ಸುಮಾರು 2 ಪರ್ಸೆಂಟ್ ಆವಿಯಾಗಿ ಹೋಗುತ್ತದೆ, ಅಷ್ಟೇ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದ್ದರೂ ಬೇಸಿಗೆಯಲ್ಲಿ 34–35 ಡಿಗ್ರಿ ಮುಟ್ಟುತ್ತದೆ. ಅಲ್ಲಿ ವರ್ಷಕ್ಕೆ 10ರಿಂದ 12 ಪರ್ಸೆಂಟ್ ಹೋಗುತ್ತದೆ. ಲೆಕ್ಕ ಹಾಕಿ ನೋಡಿ. 200 ಲೀಟರಿನ ಒಂದು ಪೀಪಾಯಿ ತುಂಬಿಸಿ 5 ವರ್ಷ ಬಿಟ್ಟರೆ ಐಲಾದಲ್ಲಿ ಸುಮಾರು 180 ಲೀಟರ್ ಉಳಿಯುತ್ತದೆ. ಬೆಂಗಳೂರಿನಲ್ಲಿ 105ರಿಂದ 118. ಅಮೃತ್‌ನವರು ತಮ್ಮ 8 ವರ್ಷದ ವಿಸ್ಕಿಗೆ ‘ಗ್ರೀಡಿ ಏಂಜೆಲ್ಸ್’ ಅಂತ ಹೆಸರಿಟ್ಟದ್ದು ಸುಮ್ನೆ ಅಲ್ಲ. ಆವಿಯಾಗಿ ಹೋಗುವ ಪಾಲನ್ನು ಈ ಕಸುಬಿನವರು ದೇವತೆಗಳ ಪಾಲು ಅನ್ನುತ್ತಾರೆ. ನಮ್ಮ ಕಡೆಯ ದೇವತೆಗಳಿಗೆ ಹಸಿವು ಜಾಸ್ತಿ.

ಬೆಂಗಳೂರಿನ ಒಂದು ವರ್ಷ ಸ್ಕಾಟ್ಲೆಂಡ್‌ನ ಮೂರು ವರ್ಷಕ್ಕೆ ಸಮ ಅಂತ ಲೆಕ್ಕ ಹೇಳುವವರಿದ್ದಾರೆ. ಮಾರುವವರಿಗೆ ಅದು ಅನುಕೂಲದ ಲೆಕ್ಕ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಯಾಕೆಂದರೆ ಪೀಪಾಯಿ ಒಂದೇ ಕೆಲಸ ಮಾಡುವುದಿಲ್ಲ. ಹೊಸದಾಗಿ ಇಳಿಸಿದ ಸ್ಪಿರಿಟ್‌ನಲ್ಲಿ ಗಂಧಕದ ವಾಸನೆ ಇರುತ್ತದೆ. ಬೇಯಿಸಿದ ಎಲೆಕೋಸಿನ ನೀರು, ಸುಟ್ಟ ರಬ್ಬರು, ಆ ಥರ. ಪೀಪಾಯಿಯ ಒಳಮೈ ಸುಟ್ಟು ಇದ್ದಿಲಾಗಿರುತ್ತದಲ್ಲ, ಆ ಇದ್ದಿಲು ಇದನ್ನು ಹೀರಿಕೊಳ್ಳುತ್ತದೆ. ಈ ಕೆಲಸದ ದೊಡ್ಡ ಪಾಲು ಮೊದಲ ಕೆಲವು ವರ್ಷಗಳಲ್ಲೇ ಮುಗಿಯುತ್ತದೆ. ಎರಡನೆಯದು, ಮರ ತನ್ನದನ್ನು ಕೊಡುವುದು. ವೆನಿಲ್ಲಾ, ತೆಂಗಿನಕಾಯಿಯ ಪರಿಮಳ, ಜೇನಿನ ಬಣ್ಣ, ಒಗರು. ಇದಕ್ಕೆ ಸೆಕೆ ಬೇಕು. ಬಿಸಿಲೂರಿನಲ್ಲಿ ಬೇಗ ಇಳಿಯುತ್ತದೆ, ತಣ್ಣನೆ ಊರಿನಲ್ಲಿ ಇಷ್ಟಿಷ್ಟೇ. ಮೂರನೆಯದು, ಮರದ ಸಂದಿಯಿಂದ ಒಳಗೆ ಬರುವ ಗಾಳಿಯ ಜೊತೆ ಸ್ಪಿರಿಟ್ ನಿಧಾನಕ್ಕೆ ಬದಲಾಗುವುದು. ಘಾಟು ತಗ್ಗಿ, ಹೊಸ ಹಣ್ಣಿನ ವಾಸನೆಗಳು ಹುಟ್ಟುತ್ತವೆ. ಇದಕ್ಕೆ ಕಾಲವೇ ಬೇಕು. ಸೆಕೆ ಈ ಮೂರನ್ನೂ ಒಂದೇ ಪ್ರಮಾಣದಲ್ಲಿ ಓಡಿಸುವುದಿಲ್ಲ. ಮರದ ಪಾಲನ್ನು ಎಲ್ಲಕ್ಕಿಂತ ಮುಂದೆ ಓಡಿಸುತ್ತದೆ.

ಆದ್ದರಿಂದ ಅಮೃತ್‌ನಲ್ಲಿ ನಿಮಗೆ ಮೆತ್ತಗೆ ಅನ್ನಿಸುವುದರಲ್ಲಿ ಮರದ ಪಾಲು ದೊಡ್ಡದು. ಸಿಹಿ, ವೆನಿಲ್ಲಾ, ಮಸಾಲೆ ಸೇರಿ ಸ್ಪಿರಿಟ್‌ನ ಮೈಯನ್ನು ಮುಚ್ಚಿರುತ್ತವೆ. ಕಿಲ್‌ಹೋಮನ್‌ನಲ್ಲಿ ಆ ಹೊದಿಕೆ ತೆಳು. ಕೆಳಗಿನ ಸ್ಪಿರಿಟ್ ಕಾಣುತ್ತದೆ. ತಣ್ಣನೆ ಕಡಲೂರಿನ ಎಳೆಯ ವಿಸ್ಕಿ ಕುಡಿಯುವುದು ಅಂದರೆ ಭಟ್ಟಿ ಇಳಿಸಿದವನ ಕೈಕೆಲಸವನ್ನು ಹತ್ತಿರದಿಂದ ನೋಡುವುದು. ಅಲ್ಲಿ ಮೃದುತ್ವ ಹುಡುಕಬೇಡಿ. ಸ್ಪಿರಿಟ್ ಶುಚಿಯಾಗಿದೆಯಾ ಅಂತ ನೋಡಿ.

ಈ ಶುಚಿ ಎಲ್ಲಿಂದ ಬರುತ್ತದೆ ಅನ್ನುವುದಕ್ಕೆ ನಿಮ್ಮ ಬಾಟಲಿಯೇ ಒಳ್ಳೆಯ ಉದಾಹರಣೆ. ಆಂಟನಿ ವಿಲ್ಸ್ ಎಂಬವರು 2005ರಲ್ಲಿ ಐಲಾದ ಪಶ್ಚಿಮ ಅಂಚಿನ ಒಂದು ಹೊಲದ ನಡುವೆ ಕಿಲ್‌ಹೋಮನ್ ಕಟ್ಟಿದರು. 124 ವರ್ಷಗಳಲ್ಲಿ ಆ ದ್ವೀಪದಲ್ಲಿ ಹೊಸದಾಗಿ ಕಟ್ಟಿದ ಮೊದಲ ಡಿಸ್ಟಿಲರಿ ಅದು. ಮಾಖಿರ್ ಬೇ ಅನ್ನುವುದು ಅಲ್ಲೇ ಹತ್ತಿರದ ಕಡಲತೀರದ ಹೆಸರು. ಹೊಸ ಡಿಸ್ಟಿಲರಿಗೆ ದೊಡ್ಡ ತಲೆನೋವು ದುಡ್ಡು. ಇಂದು ಇಳಿಸಿದ್ದನ್ನು 3 ವರ್ಷ ವಿಸ್ಕಿ ಅಂತ ಮಾರುವ ಹಾಗಿಲ್ಲ, ಹತ್ತು ವರ್ಷ ಕಾಯುವ ಶಕ್ತಿ ಇರುವುದಿಲ್ಲ. ಅಷ್ಟರವರೆಗೆ ಎಷ್ಟೋ ಕಡೆ ಜಿನ್ ಮಾರಿ ಒಲೆ ಉರಿಸುತ್ತಾರೆ. ಹ್ಯಾರಿಸ್ ದ್ವೀಪದ ಡಿಸ್ಟಿಲರಿ 2015ರಲ್ಲಿ ತೆರೆಯಿತು, ಜಿನ್‌ನಿಂದ ಹೆಸರು ಮಾಡಿತು, ತನ್ನ ಮೊದಲ ವಿಸ್ಕಿ ಹೊರತಂದದ್ದು 2023ರಲ್ಲಿ. ಕಿಲ್‌ಹೋಮನ್ ಅಷ್ಟು ಕಾಯಲಿಲ್ಲ. 2009ರಲ್ಲೇ 3 ವರ್ಷದ ವಿಸ್ಕಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಅಂದರೆ ಮೊದಲ ದಿನದಿಂದಲೇ ಎಳೆಯದರಲ್ಲೇ ಕುಡಿಯಲು ಚೆನ್ನಾಗಿರುವ ಸ್ಪಿರಿಟ್ ಮಾಡಬೇಕು ಅಂತ ಕೂತವರು ಅವರು. ಸಲಹೆಗಾರರಾಗಿ ಇದ್ದವರು ಡಾ. ಜಿಮ್ ಸ್ವಾನ್. ಸೆಕೆಯ ನಾಡು ತೈವಾನ್‌ನಲ್ಲಿ ಕವಲಾನ್ ಡಿಸ್ಟಿಲರಿಗೂ ದಾರಿ ತೋರಿಸಿದವರು ಅವರೇ.

ಭಟ್ಟಿ ಇಳಿಸುವಾಗ ಮೊದಲು ಬರುವ ಭಾಗ ಉಗುರುಬಣ್ಣ ಅಳಿಸುವ ದ್ರವದ ಹಾಗೆ ಚುರುಕು ವಾಸನೆ ಹೊಡೆಯುತ್ತದೆ. ಅದನ್ನು ತೆಗೆದಿಡುತ್ತಾರೆ. ನಡುವೆ ಬರುವುದು ಹಣ್ಣಿನ ಪರಿಮಳದ ಒಳ್ಳೆಯ ಭಾಗ. ಕೊನೆಗೆ ತೊಗಲು, ಬೆವರು, ಹಳೇ ತಂಬಾಕಿನ ವಾಸನೆ ಶುರುವಾಗುತ್ತದೆ. ಭಾರದ ಹೊಗೆ ಅಂಶಗಳು (ಈ ಹೊಗೆ ಎಲ್ಲಿಂದ ಅಂತ ಮುಂದೆ ಹೇಳುತ್ತೇನೆ) ಬರುವುದೂ ಈ ಕೊನೆಯ ಹೊತ್ತಿಗೇ. ಇಪ್ಪತ್ತು ವರ್ಷ ಇಡುವವನು ಕೊನೆಯ ಭಾಗವನ್ನು ಸ್ವಲ್ಪ ಜಾಸ್ತಿ ಒಳಗೆ ಬಿಟ್ಟುಕೊಂಡರೂ ನಡೆದೀತು, ಕಾಲ ಅದನ್ನು ಪಳಗಿಸುತ್ತದೆ. ಐದು ವರ್ಷದಲ್ಲಿ ಮಾರುವವನು ಬೇಗ ಕೈ ತೆಗೆಯಬೇಕು. ಕಿಲ್‌ಹೋಮನ್ ಬೇಗ ಕೈ ತೆಗೆಯುವ ಪೈಕಿ. ಅವರ ಸ್ಪಿರಿಟ್ ಸ್ಟಿಲ್, ಅಂದರೆ ಎರಡನೇ ಸಲ ಭಟ್ಟಿ ಇಳಿಸುವ ಪಾತ್ರೆ, ಕೂಡ ಪುಟ್ಟದು, ಸುಮಾರು 2,000 ಲೀಟರಿನದು. ಹಾಗಾಗಿ ಇಷ್ಟೆಲ್ಲ ಹೊಗೆ ಇದ್ದೂ ಅದರ ಕೆಳಗೆ ನಿಂಬೆ, ಪೇರ್ ಹಣ್ಣು ಸಿಗುತ್ತವೆ. ಸಿಗುತ್ತವೆ, ನಂಬಿ. ಹುಡುಕುವ ಕ್ರಮ ಆಮೇಲೆ ಹೇಳುತ್ತೇನೆ.

ಈಗ ಆಸ್ಪತ್ರೆ. ನಿಮ್ಮ ಮೂಗು ಸರಿಯಾಗಿಯೇ ಹೇಳಿದೆ. ಐಲಾದಲ್ಲಿ ಮೊಳಕೆ ಬಂದ ಬಾರ್ಲಿಯನ್ನು ಒಣಗಿಸಲು ಪೀಟ್ ಸುಡುತ್ತಾರೆ. ಜೌಗು ನೆಲದಲ್ಲಿ ಸಾವಿರಾರು ವರ್ಷ ಪಾಚಿ, ಹುಲ್ಲು ಕೂತು ಕೊಳೆತು ಕಪ್ಪು ಮಣ್ಣಿನಂತಾದ ಪದಾರ್ಥ ಅದು. ಅದನ್ನು ಇಟ್ಟಿಗೆಯ ಹಾಗೆ ಕತ್ತರಿಸಿ, ಒಣಗಿಸಿ ಉರಿಸುತ್ತಾರೆ. ಆ ಹೊಗೆಯಲ್ಲಿ ಫೀನಾಲ್, ಕ್ರೆಸಾಲ್, ಗ್ವಾಯಕಾಲ್ ಎಂಬ ರಾಸಾಯನಿಕಗಳು ಇರುತ್ತವೆ. ಗ್ವಾಯಕಾಲ್ ಅಂದರೆ ಕಟ್ಟಿಗೆ ಹೊಗೆಯ ವಾಸನೆ. ಫೀನಾಲ್ ಮತ್ತು ಕ್ರೆಸಾಲ್ ಇವೆಯಲ್ಲ, ಹಳೇ ಕಾಲದ ಆಸ್ಪತ್ರೆಗಳಲ್ಲಿ ನೆಲ ಒರೆಸುತ್ತಿದ್ದದ್ದು, ಗಾಯ ತೊಳೆಯುತ್ತಿದ್ದದ್ದು ಇದೇ ಕುಲದ ದ್ರವಗಳಿಂದ. ನಿಮ್ಮ ಮೂಗು ಅದೇ ರಾಸಾಯನಿಕವನ್ನು ಬೇರೆ ಜಾಗದಲ್ಲಿ ಗುರುತಿಸಿದೆ, ಅಷ್ಟೇ.

ಮಾಖಿರ್ ಬೇಗೆ ಬಳಸುವ ಮಾಲ್ಟ್‌ನಲ್ಲಿ, ಅಂದರೆ ಹಾಗೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಲ್ಲಿ, ಫೀನಾಲ್‌ಗಳ ಪ್ರಮಾಣ 50 ಪಿಪಿಎಂ. ಹತ್ತು ಲಕ್ಷ ಭಾಗದಲ್ಲಿ 50 ಭಾಗ. ಇದು ಐಲಾದಲ್ಲೂ ಎತ್ತರದ ಅಂಕಿಯೇ. ಆದರೆ ಅಳೆಯುವುದು ಮಾಲ್ಟ್‌ನಲ್ಲಿ, ಗ್ಲಾಸಿಗೆ ಬರುವ ಹೊತ್ತಿಗೆ ಅದರಲ್ಲಿ ಬಹಳಷ್ಟು ಕಳೆದುಹೋಗಿರುತ್ತದೆ. ಪೀಪಾಯಿಯಲ್ಲಿ ವರ್ಷ ಕಳೆದಂತೆ ಇನ್ನಷ್ಟು ತಗ್ಗುತ್ತದೆ. ಇಪ್ಪತ್ತೈದು ವರ್ಷದ ಐಲಾ ವಿಸ್ಕಿಯಲ್ಲಿ ಹೊಗೆ ದೂರದ ಊರಿನಿಂದ ತೇಲಿ ಬಂದಷ್ಟೇ ಇರುತ್ತದೆ. ಹೊಗೆ ಇಷ್ಟಪಡುವವರು ಎಳೆಯದನ್ನೇ ಹುಡುಕಿಕೊಂಡು ಹೋಗುವುದು ಇದಕ್ಕೇ. ಅದೇ ದ್ವೀಪದ ಆರ್ಡ್‌ಬೆಗ್ 2020ರಲ್ಲಿ ‘ವೀ ಬೀಸ್ಟಿ’ ಅಂತ 5 ವರ್ಷದ ವಿಸ್ಕಿ ಬಿಟ್ಟಿತು, ವಯಸ್ಸನ್ನು ಲೇಬಲ್ ಮೇಲೆ ದಪ್ಪಕ್ಷರದಲ್ಲೇ ಹಾಕಿಕೊಂಡಿತು. 1816ರಷ್ಟು ಹಳೆಯದಾದ ಲಾಗವುಲಿನ್ 2016ರಲ್ಲಿ ಇನ್ನೂರರ ಸಂಭ್ರಮಕ್ಕೆ 8 ವರ್ಷದ್ದನ್ನು ತಂದಿತು. ಅವರ ಪ್ರಸಿದ್ಧ ವಿಸ್ಕಿ 16 ವರ್ಷದ್ದು. ನನ್ನನ್ನು ಕೇಳಿದರೆ 8ರದ್ದೇ ಹೆಚ್ಚು ಚುರುಕು.

ಇನ್ನು ಉಪ್ಪು. ಸಮುದ್ರದ ಗಾಳಿ ಗೋದಾಮಿನೊಳಗೆ ನುಗ್ಗಿ, ಪೀಪಾಯಿ ಉಸಿರಾಡುವಾಗ ಉಪ್ಪು ಒಳಗೆ ಸೇರುತ್ತದೆ ಅನ್ನುವ ಮಾತು ಕೇಳಲು ಚಂದ. ಪ್ರವಾಸಿಗರಿಗೆ ಡಿಸ್ಟಿಲರಿ ತೋರಿಸುವವರಿಗೆ ಬಾಯಿಪಾಠ. ಆದರೆ ಲೆಕ್ಕಕ್ಕೆ ನಿಲ್ಲುವುದಿಲ್ಲ. ಉಪ್ಪು ಆವಿಯಾಗುವ ವಸ್ತುವಲ್ಲ, ಹಾಗಾಗಿ ಭಟ್ಟಿಯಿಂದ ಅದು ಬರುವಂತಿಲ್ಲ. ಗಾಳಿಯಲ್ಲಿ ತೇಲಿ ಬರುವ ಸಣ್ಣ ಹನಿಗಳ ಉಪ್ಪು ಗೋಡೆ ಮೇಲೆ, ಪೀಪಾಯಿಯ ಹೊರಮೈ ಮೇಲೆ ಕೂರಬಹುದು. ಒಂದಿಂಚು ದಪ್ಪದ ಓಕ್ ದಾಟಿ ಒಳಗೆ ರುಚಿ ಕೊಡುವಷ್ಟು ಹೋಗುವುದಿಲ್ಲ. ವಿಸ್ಕಿಯಲ್ಲಿರುವ ಸೋಡಿಯಂ ನಾಲಿಗೆಗೆ ತಿಳಿಯುವ ಮಟ್ಟಕ್ಕಿಂತ ತುಂಬಾ ಕೆಳಗಿದೆ. ಇದಕ್ಕಿಂತ ಗಟ್ಟಿ ಸಾಕ್ಷಿ ಇನ್ನೊಂದಿದೆ. ಐಲಾದ್ದೇ ಕಾಲ್ ಈಲಾ ಎಂಬ ದೊಡ್ಡ ಡಿಸ್ಟಿಲರಿಯ ಸ್ಪಿರಿಟ್‌ನ ಬಹುಪಾಲು ಟ್ಯಾಂಕರಿನಲ್ಲಿ ಹಡಗು ಹತ್ತಿ ಸ್ಕಾಟ್ಲೆಂಡ್‌ನ ಒಳನಾಡಿಗೆ ಹೋಗಿ ಅಲ್ಲಿ ಮಾಗುತ್ತದೆ. ಆದರೂ ಅದನ್ನು ಕುಡಿದವರೆಲ್ಲ ‘ಕಡಲಿನ ರುಚಿ, ಉಪ್ಪುಪ್ಪು’ ಅಂತಲೇ ಬರೆಯುತ್ತಾರೆ!

ಹಾಗಾದರೆ ಆ ಉಪ್ಪುಪ್ಪು ಸುಳ್ಳಾ? ಅನಿಸಿಕೆ ಸುಳ್ಳಲ್ಲ, ಕಾರಣ ಬೇರೆ. ಕ್ರೆಸಾಲ್‌ನ ಔಷಧಿ ವಾಸನೆ, ಹೊಗೆ, ಸ್ಪಿರಿಟ್‌ನ ಸಣ್ಣ ಖನಿಜದಂಥ ಒಗರು ಸೇರಿದಾಗ ಮೀನು ಬಂದರಿನ ನೆನಪು ಬರುತ್ತದೆ. ಕಡಲ ನೆನಪಾದ ಮೇಲೆ ನಾಲಿಗೆ ಉಪ್ಪನ್ನು ತಾನೇ ಕಲ್ಪಿಸಿಕೊಳ್ಳುತ್ತದೆ. ಮಲ್ಪೆಯಲ್ಲಿ ಬೆಳೆದವರಿಗೆ ಇದು ಒಣಮೀನು, ಸಿಗಡಿ ಅನ್ನಿಸುತ್ತದೆ. ನಿಮಗೆ ಧಾರವಾಡದಲ್ಲಿ ಆಸ್ಪತ್ರೆ ಅನ್ನಿಸಿತು. ಎರಡೂ ಸರಿಯೇ. ಕಾಲ್ ಈಲಾದಂತಲ್ಲದೆ ಕಿಲ್‌ಹೋಮನ್ ತನ್ನ ಪೀಪಾಯಿಗಳನ್ನು ಐಲಾದಲ್ಲೇ ಇಟ್ಟು ಮಾಗಿಸುತ್ತದೆ. ಕಡಲು ಅದಕ್ಕೆ ಕೊಡುವುದು ಉಪ್ಪನ್ನಲ್ಲ, ಏರಿಳಿತ ಕಡಿಮೆ ಇರುವ ತಣ್ಣನೆಯ, ತೇವದ ಹವೆಯನ್ನು. ಆ ತೇವದಲ್ಲಿ ನೀರು ಹೊರಹೋಗುವುದಕ್ಕಿಂತ ಮದ್ಯ ಹೊರಹೋಗುವುದು ಜಾಸ್ತಿ. ಹಾಗಾಗಿ ಪೀಪಾಯಿಯೊಳಗಿನ ವಿಸ್ಕಿಯ ಮದ್ಯಾಂಶ ವರ್ಷವರ್ಷವೂ ನಿಧಾನಕ್ಕೆ ಇಳಿಯುತ್ತದೆ.

ಸವಿಯುವ ಕ್ರಮಕ್ಕೆ ಬರೋಣ. ಸಂಜೆ, ಊಟಕ್ಕೆ ಮುಂಚೆ, ಊದಿನಕಡ್ಡಿ ಹಚ್ಚಿರದ ಕೋಣೆಯಲ್ಲಿ ಕೂರಿ. ಸೆಕೆ ಇದ್ದರೆ ಬಾಟಲಿಯನ್ನು ಫ್ರಿಜ್ಜಿನ ಬಾಗಿಲಲ್ಲಿ ಸ್ವಲ್ಪ ಹೊತ್ತು ಇಡಿ. 20 ಡಿಗ್ರಿಯ ಆಸುಪಾಸು ಬಂದರೆ ಸಾಕು. ಐಸ್ ಬೇಡ, ಅದು ಪರಿಮಳವನ್ನೇ ಮಲಗಿಸಿಬಿಡುತ್ತದೆ. ಗ್ಲಾಸು ಕೆಳಗೆ ಅಗಲ, ಮೇಲೆ ಕಿರಿದು ಇರಲಿ. ಅಂಥ ವಿಸ್ಕಿ ಗ್ಲಾಸು ಇಲ್ಲದಿದ್ದರೆ ಸಣ್ಣ ವೈನ್ ಗ್ಲಾಸೂ ಆದೀತು. ಅಗಲ ಬಾಯಿಯ ಟಂಬ್ಲರ್ ಸೋಡಾ ಹಾಕುವವರಿಗೆ. ಒಂದು ಸಣ್ಣ ಪೆಗ್, 30 ಎಂಎಲ್ ಹಾಕಿ.

ಬಣ್ಣ ನೋಡಿ. ಒಣಹುಲ್ಲಿನ ಹಾಗೆ ತಿಳಿ ಹಳದಿ. ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಬೆರೆಸಲು ಅನುಮತಿ ಇದೆ, ಇವರು ಬೆರೆಸುವುದಿಲ್ಲ. ಬಹುಪಾಲು ಅಮೆರಿಕದ ಬರ್ಬನ್ ವಿಸ್ಕಿ ಇಟ್ಟಿದ್ದ ಪೀಪಾಯಿ, ಸ್ವಲ್ಪ ಸ್ಪೇನಿನ ಒಲೊರೊಸೊ ಶೆರಿ ವೈನಿನ ಪೀಪಾಯಿ. ತಣ್ಣನೆ ಊರಿನ ಎಳೆಯ ವಿಸ್ಕಿಗೆ ಇದಕ್ಕಿಂತ ಗಾಢ ಬಣ್ಣವಿದ್ದರೆ ನನಗೆ ಕುತೂಹಲಕ್ಕಿಂತ ಅನುಮಾನವೇ ಮೊದಲು ಬರುತ್ತದೆ.

ಗ್ಲಾಸನ್ನು ಮೊದಲು ಗದ್ದದ ಹತ್ತಿರ ಹಿಡಿಯಿರಿ. ಮೂಗನ್ನು ಒಳಗೆ ತೂರಿಸಬೇಡಿ. ಬಾಯಿ ಸ್ವಲ್ಪ ತೆರೆದುಕೊಂಡು ಉಸಿರೆಳೆಯಿರಿ, ಘಾಟು ತಗ್ಗುತ್ತದೆ. ಮೊದಲು ಬರುವುದು ಬೂದಿ, ಬ್ಯಾಂಡೇಜು, ಒದ್ದೆ ಮಣ್ಣು. ನೀವು ಕಳೆದ ಸಲ ಇಲ್ಲಿಗೇ ನಿಂತಿರಿ. ಈಗ ಗ್ಲಾಸು ಕೆಳಗಿಟ್ಟು ಹತ್ತು ನಿಮಿಷ ಹರಟೆ ಹೊಡೆಯಿರಿ. ಹೊಗೆ ಎಲ್ಲಿಗೂ ಹೋಗಿರುವುದಿಲ್ಲ, ನಿಮ್ಮ ಮೂಗು ಅದಕ್ಕೆ ಒಗ್ಗಿಕೊಂಡಿರುತ್ತದೆ. ಒಗ್ಗಿದ ಮೂಗು ಅದನ್ನು ಬದಿಗಿಟ್ಟು ಮಿಕ್ಕದ್ದನ್ನು ಕಾಣತೊಡಗುತ್ತದೆ. ಈಗ ಮತ್ತೆ ಮೂಸಿ. ನಿಂಬೆ ಸಿಪ್ಪೆ ಉಗುರಿನಿಂದ ಗೀರಿದಾಗ ಚಿಮ್ಮುವ ಎಣ್ಣೆಯ ವಾಸನೆ ಇದೆಯಾ? ಅದರ ಹಿಂದೆ ಪೇರ್ ಹಣ್ಣು, ಆಮೇಲೆ ವೆನಿಲ್ಲಾ. ಇನ್ನೂ ಕೆಳಗೆ ಹುರಿದ ಬಾರ್ಲಿ ಹಿಟ್ಟಿನ ಬೆಚ್ಚನೆ ವಾಸನೆ. ಈ ಕೊನೆಯದು ಎಳೆತನದ ಗುರುತು, ವಯಸ್ಸಾದ ವಿಸ್ಕಿಯಲ್ಲಿ ಅದು ಅಡಗಿಹೋಗುತ್ತದೆ. ನನಗೆ ಈ ಹಿಟ್ಟಿನ ವಾಸನೆ ಬಹಳ ಇಷ್ಟ. ಮಲೆನಾಡಿನ ಬಚ್ಚಲೊಲೆ ಕಂಡವರಿಗೆ ಹೊಗೆಯಲ್ಲಿ ಅದು ಸಿಗಬಹುದು, ಆದರೆ ಕಟ್ಟಿಗೆ ಹೊಗೆಗಿಂತ ಪೀಟ್ ಹೊಗೆಗೆ ಮಣ್ಣಿನ ಪಾಲು ಜಾಸ್ತಿ. ಇಂಗ್ಲಿಷ್ ಪತ್ರಿಕೆಗಳಲ್ಲಿ ಬರುವ ಹೀದರ್ ಹೂವು, ಗೂಸ್‌ಬೆರಿ ಇವುಗಳನ್ನು ಹುಡುಕುತ್ತಾ ಕೂರಬೇಡಿ. ನೀವು ಮೂಸಿಯೇ ಇರದ ವಸ್ತು ನಿಮ್ಮ ಗ್ಲಾಸಿನಲ್ಲಿ ಸಿಗುವುದಾದರೂ ಹೇಗೆ?

ಮೊದಲ ಗುಟುಕು ಬಾಯಿ ಒಗ್ಗಿಸಿಕೊಳ್ಳಲು ಮಾತ್ರ. ಅರ್ಧ ಚಮಚದಷ್ಟು. ಅದರಿಂದ ಏನೂ ತೀರ್ಮಾನ ಮಾಡಬೇಡಿ. ಎರಡನೆಯದನ್ನು ನಾಲಿಗೆ ಮೇಲೆ ಹತ್ತು ಎಣಿಸುವವರೆಗೆ ಹಿಡಿದುಕೊಳ್ಳಿ. ಮೊದಲು ಸಿಹಿ, ನಡುವೆ ಕಾಳುಮೆಣಸು, ನುಂಗಿದ ಮೇಲೆ ಬೂದಿ. ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ, ಹೊಗೆ ವಾಪಸ್ ಬರುತ್ತದೆ. ಅದು ಎಷ್ಟು ಹೊತ್ತು ನಿಲ್ಲುತ್ತದೆ ನೋಡಿ.

ಇನ್ನು ನೀರು. ಹಾಕಿದರೆ ವಿಸ್ಕಿ ಕೆಡುತ್ತದೆ ಅನ್ನುವ ಜಂಬ ಬಿಡಿ. ಸ್ವೀಡನ್‌ನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು, ಬ್ಯೋರ್ನ್ ಕಾರ್ಲ್‌ಸನ್ ಮತ್ತು ರಾನ್ ಫ್ರೀಡ್‌ಮನ್, 2017ರಲ್ಲಿ ಕಂಪ್ಯೂಟರಿನಲ್ಲಿ ಅಣುಗಳ ಚಲನೆ ಲೆಕ್ಕ ಹಾಕಿ ನೋಡಿದರು. ಮದ್ಯ 45 ಪರ್ಸೆಂಟಿನ ಒಳಗೆ ಇದ್ದಾಗ ಆ ಹೊಗೆಯ ಗ್ವಾಯಕಾಲ್ ದ್ರವದ ಮೇಲ್ಮೈಗೆ ಬಂದು ನಿಲ್ಲುತ್ತದೆ. 59 ಪರ್ಸೆಂಟಿನ ಮೇಲೆ ಹೋದರೆ ಒಳಗೇ ಮುಳುಗಿರುತ್ತದೆ. ಮೇಲೆ ಇದ್ದದ್ದು ಮೂಗಿಗೆ ಬೇಗ ಸಿಗುತ್ತದೆ. ನಿಮ್ಮ 30 ಎಂಎಲ್‌ಗೆ ಒಂದು ಟೀ ಚಮಚ ನೀರು ಹಾಕಿದರೆ 40 ಪರ್ಸೆಂಟಿನ ಹತ್ತಿರ ಬರುತ್ತದೆ. ಉರಿ ಇಳಿದು, ಸಿಹಿ ಮುಂದೆ ಬಂದು, ಹೊಗೆ ಇನ್ನಷ್ಟು ಬಿಚ್ಚಿಕೊಳ್ಳುತ್ತದೆ. ಎರಡನೇ ಚಮಚ ಹಾಕಿದರೆ ಈ ವಿಸ್ಕಿಯಲ್ಲಿ ನಿಂಬೆ ತೆಳುವಾಗಿ ಬರೀ ಬೂದಿ ಉಳಿಯುತ್ತದೆ, ನನ್ನ ಮಟ್ಟಿಗೆ ಒಂದೇ ಸಾಕು. ನೀರು ಹಾಕಿದಾಗ ಸ್ವಲ್ಪ ಮಬ್ಬಾದರೆ ಗಾಬರಿ ಬೇಡ. ತಣ್ಣಗೆ ಮಾಡಿ ಸೋಸುವ ಪದ್ಧತಿ ಇದಕ್ಕೆ ಮಾಡಿಲ್ಲ, ಎಣ್ಣೆಯಂಥ ಅಂಶಗಳು ಉಳಿದಿವೆ. ಮಬ್ಬು ಅವುಗಳದ್ದು. ಎರಡು ಸಣ್ಣ ಪೆಗ್ ಆದ ಮೇಲೆ ಮೂಗು ನಂಬಿಕೆಗೆ ಅರ್ಹವಲ್ಲ, ಸವಿಯುವ ಕೆಲಸ ಅಲ್ಲಿಗೆ ನಿಲ್ಲಿಸಿ. ಖಾಲಿ ಗ್ಲಾಸನ್ನು ಮಾತ್ರ ತೊಳೆಯಬೇಡಿ. ಬೆಳಿಗ್ಗೆ ಎದ್ದು ಅದನ್ನು ಮೂಸಿ. ಮದ್ಯವೆಲ್ಲ ಆರಿಹೋಗಿ ಹೊಗೆ ಮತ್ತು ಮರ ಮಾತ್ರ ಉಳಿದಿರುತ್ತವೆ. ಪೀಪಾಯಿ ಒಳ್ಳೆಯದಾ ಕೆಟ್ಟದ್ದಾ ಅನ್ನುವುದು ಆ ಒಣ ಗ್ಲಾಸಿನಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಎಳೆತನ ಬೇರೆ, ದೋಷ ಬೇರೆ. ಇದನ್ನು ಬಿಡಿಸಿ ನೋಡಲು ಕಲಿತರೆ ಯಾವ ಹೊಸ ಡಿಸ್ಟಿಲರಿಯ ಬಾಟಲಿಯನ್ನೂ ಧೈರ್ಯವಾಗಿ ತೂಗಬಹುದು. ಹಿಟ್ಟು, ಪೇರ್, ನಿಂಬೆ, ಬಾಳೆಹಣ್ಣಿನ ಪೆಪ್ಪರ್‌ಮೆಂಟಿನಂಥ ವಾಸನೆ, ನಾಲಿಗೆ ತುದಿಯ ಚುರುಕು ಇವು ಎಳೆತನ. ಉಗುರುಬಣ್ಣದ ದ್ರವ, ಎಲೆಕೋಸಿನ ನೀರು, ರಬ್ಬರು, ಬೆವರಿದ ಕಾಲುಚೀಲ ಇವು ಭಟ್ಟಿಯಲ್ಲೋ ಪೀಪಾಯಿಯಲ್ಲೋ ಆದ ಅಜಾಗರೂಕತೆ. ಹತ್ತು ನಿಮಿಷ ಕಾದು, ನೀರು ಹಾಕಿದ ಮೇಲೂ ಇವು ಉಳಿದರೆ ದೋಷ ಅಂತಲೇ ಲೆಕ್ಕ. ಇನ್ನೊಂದು ಥರದ ದೋಷ ಈಚೆಗೆ ಜಾಸ್ತಿ ಕಾಣುತ್ತಿದೆ. ಎಳೆಯದನ್ನು ಬೇಗ ದೊಡ್ಡದು ಮಾಡಲು ಸಣ್ಣ ಪೀಪಾಯಿಗೆ ತುಂಬುತ್ತಾರೆ. ಸಣ್ಣದರಲ್ಲಿ ಲೀಟರಿಗೆ ತಾಗುವ ಮರ ಜಾಸ್ತಿ, ಬಣ್ಣ ಬೇಗ ಬರುತ್ತದೆ. ಆದರೆ ಗಾಳಿಯ ಕೆಲಸಕ್ಕೆ ಕಾಲ ಸಿಕ್ಕಿರುವುದಿಲ್ಲ. ಕುಡಿದರೆ ಮೇಲೆ ಹೊಸ ಮರಗೆಲಸದ ಹೊಟ್ಟಿನ ಒಗರು, ಒಳಗೆ ಹಸಿ ಸ್ಪಿರಿಟ್. ಎರಡಕ್ಕೂ ಸಂಬಂಧವೇ ಇಲ್ಲ. ಸಣ್ಣ ಪೀಪಾಯಿಯನ್ನು ಚೆನ್ನಾಗಿ ಬಳಸುವವರೂ ಇದ್ದಾರೆ. ಸ್ಕಾಟ್ಲೆಂಡ್‌ನ ಉತ್ತರ ತುದಿಯ ಥರ್ಸೊ ಊರಿನ ವುಲ್ಫ್‌ಬರ್ನ್ ಅವರಲ್ಲಿ ಒಬ್ಬರು. ಅಲ್ಲಿ ಪೀಪಾಯಿ ಮೊದಲೇ ಐಲಾದ ವಿಸ್ಕಿ ಕುಡಿದು ಪಳಗಿರುತ್ತದೆ, ಹೊಸ ಮರದ ಒಗರು ಇರುವುದಿಲ್ಲ. ಹೊಗೆ ಇಷ್ಟೊಂದು ಬೇಡ ಅನ್ನಿಸಿದರೆ ಅಳಿಯನಿಗೆ ಮುಂದಿನ ಸಲ ಅದನ್ನು ತರಲು ಹೇಳಿ.

ಒಂದು ಪ್ರಯೋಗ ಮಾಡಿ ನೋಡಿ, ನಿಮ್ಮ ಪ್ರಶ್ನೆಗೆ ನಾನು ಕೊಟ್ಟ ಉತ್ತರಕ್ಕಿಂತ ಅದು ಚೆನ್ನಾಗಿ ಉತ್ತರ ಕೊಡುತ್ತದೆ. ಅಮೃತ್‌ನವರದೇ ‘ಪೀಟೆಡ್’ ಅನ್ನುವ ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರಿಯಲ್ಲಿ ಬರೀ ಮಾಲ್ಟ್‌ನಿಂದ ಮಾಡಿದ ವಿಸ್ಕಿ) ಇದೆ. ಅದಕ್ಕೆ ಹೊಗೆ ತಾಗಿಸಿದ ಬಾರ್ಲಿ ಸ್ಕಾಟ್ಲೆಂಡ್‌ನಿಂದ ಬರುತ್ತದೆ, ಮಾಗುವುದು ಬೆಂಗಳೂರಿನಲ್ಲಿ. ಅದೂ 46 ಪರ್ಸೆಂಟೇ. ಮಾಖಿರ್ ಬೇ ಪಕ್ಕ ಅದನ್ನಿಟ್ಟು, ಯಾವುದು ಯಾವ ಗ್ಲಾಸಿನಲ್ಲಿದೆ ಅಂತ ಗೊತ್ತಾಗದ ಹಾಗೆ ಮನೆಯವರ ಕೈಯಲ್ಲಿ ಹಾಕಿಸಿ. ಹೊಗೆ ಎರಡರಲ್ಲೂ ಇರುತ್ತದೆ, ಪ್ರಮಾಣ ಬೇರೆ. ಒಂದರಲ್ಲಿ ಹೊಗೆ ಬೆಲ್ಲದ ಪಾಕ, ವೆನಿಲ್ಲಾ, ಮಸಾಲೆಯ ನಡುವೆ ಕೂತಿರುತ್ತದೆ. ಇನ್ನೊಂದರಲ್ಲಿ ನಿಂಬೆ, ಹಿಟ್ಟು, ಬೂದಿಯ ಪಕ್ಕ ಬರಿಮೈಯಲ್ಲಿ ನಿಂತಿರುತ್ತದೆ. ಬೆಂಗಳೂರಿನ ಬಿಸಿಲು ಏನು ಮಾಡಿತು, ಐಲಾದ ಚಳಿ ಏನು ಮಾಡದೆ ಬಿಟ್ಟಿತು ಅನ್ನುವುದು ಎರಡು ಗುಟುಕಿನಲ್ಲಿ ಗೊತ್ತಾಗುತ್ತದೆ. ಆಮೇಲೂ ನಿಮಗೆ ಅಮೃತ್ತೇ ಹಿಡಿಸಿದರೆ ಸಂಕೋಚ ಬೇಡ. 2004ರಲ್ಲಿ ಅಮೃತ್ ಸಿಂಗಲ್ ಮಾಲ್ಟನ್ನು ಮೊದಲು ಮಾರಾಟಕ್ಕೆ ಇಟ್ಟದ್ದೇ ಸ್ಕಾಟ್ಲೆಂಡ್‌ನ ಗ್ಲಾಸ್ಗೋದಲ್ಲಿ.

ಕೊನೆಗೆ, ಬಾಟಲಿ ಇಟ್ಟರೆ ಮಾಗುತ್ತದಾ ಅಂತ ಕೇಳಿದ್ದೀರಿ. ಇಲ್ಲ. ಮಾಗುವುದೆಲ್ಲ ಪೀಪಾಯಿಯಲ್ಲೇ, ಗಾಜಿನೊಳಗೆ ಹೋದ ದಿನವೇ ವಯಸ್ಸು ನಿಂತುಹೋಗುತ್ತದೆ. ತೆರೆದ ಬಾಟಲಿಯಲ್ಲಿ ಆಗುವುದು ಬೇರೆ, ಗಾಳಿ ಹೊಕ್ಕು ನಿಧಾನಕ್ಕೆ ಪರಿಮಳ ಸೋರುತ್ತದೆ. ಈಗ ಮುಕ್ಕಾಲು ಇದೆಯಲ್ಲ, ಒಂದು ವರ್ಷ ಏನೂ ಚಿಂತೆಯಿಲ್ಲ. ಮೊದಲ ದಿನಕ್ಕಿಂತ ಕೆಲವು ವಾರ ಬಿಟ್ಟು ಘಾಟು ಸ್ವಲ್ಪ ತಗ್ಗಿರುವುದೂ ಉಂಟು. ಕಾಲು ಭಾಗಕ್ಕೆ ಇಳಿದಾಗ ಸಣ್ಣ ಗಾಜಿನ ಬಾಟಲಿಗೆ ಬಗ್ಗಿಸಿ ಬಿಗಿಯಾಗಿ ಮುಚ್ಚಿಡಿ, ಇಲ್ಲವಾದರೆ ಬೇಗ ಕುಡಿದು ಮುಗಿಸಿ. ಬಿಸಿಲು ಬೀಳದ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿ ಇಡಿ. ವೈನ್ ಬಾಟಲಿಯ ಹಾಗೆ ಮಲಗಿಸಿದರೆ 46 ಪರ್ಸೆಂಟ್ ಮದ್ಯ ಕಾರ್ಕನ್ನೇ ತಿಂದುಹಾಕುತ್ತದೆ.